ಮಂಗಳದಿಂದ ಮರಳುವ ಹಡಗಿನಲ್ಲಿ ಏನಿರಬೇಕು

ಮಾರ್ಚ್ 9, ಭಾನುವಾರ

ಇಲ್ಲಿಯವರೆಗಿನ ಖರ್ಚು: ಪ್ಲೈವುಡ್ಡು, ಬೆಳ್ಳಿ ಬಣ್ಣ, ಲೈಟಿನ ಸರ — ಇನ್ನೂರ ಎಂಬತ್ತು ಡಾಲರು. ನನ್ನ ಗ್ಯಾರೇಜು. ಕನ್ನಡ ಕೂಟದ ಅಧ್ಯಕ್ಷ ಶೇಷಗಿರಿಯವರ ಸ್ನೇಹ, ಮುಕ್ಕಾಲು ಪಾಲು.

ಇದೆಲ್ಲ ಮಗಳು ನಿಸರ್ಗಾ ಬರೆದ ಯುಗಾದಿ ನಾಟಕಕ್ಕೆ. ಭೂಮಿಯಿಂದ ಮಂಗಳ ಗ್ರಹಕ್ಕೆ ಆಹಾರದ ಹಡಗು. ತುಂಬಿ ಹೋಗುತ್ತದೆ, ಖಾಲಿ ಬರುತ್ತದೆ. ನಷ್ಟವೆಂದು ಕಂಪನಿ ನಿಲ್ಲಿಸುತ್ತದೆ. ಮಂಗಳದವರೆಲ್ಲ ಹಸಿದು ಸಾಯುತ್ತಾರೆ. ಪರದೆ.

ಶೇಷಗಿರಿ ಫೋನು ಮಾಡಿದರು. "ರಾಜು ಅವ್ರೇ, ಹಬ್ಬದ ದಿನ ಒಬ್ಬಟ್ಟು ತಿಂದು ಕೂತವ್ರ ಮುಂದೆ ಇಡೀ ಊರನ್ನೇ ಸಾಯಿಸ್ತೀರೇನ್ರೀ? ಎಂಡಿಂಗು ಬದಲಾಯ್ಸಿ. ಇಲ್ಲಾಂದ್ರೆ ನಿಮ್ ಸ್ಲಾಟು ಅಂತ್ಯಾಕ್ಷರಿಗೆ."

ಮಗಳಿಗೆ ಹೇಳಿದೆ. "ನೋ ಅಪ್ಪಾ. ಸುಳ್ಳು ಎಂಡಿಂಗ್‌ಗಿಂತ ನೋ ಪ್ಲೇ ಈಸ್ ಬೆಟರ್." ಬಾಗಿಲು ಹಾಕಿಕೊಂಡಳು.

ಮಾರ್ಚ್ 11

ಅವಳಿಗೆ ಇದೆಲ್ಲ ಎಲ್ಲಿಂದ ಬಂತು ಅಂದರೆ — ನನ್ನಿಂದ. ನಾನು ಫ್ರೆಸ್ನೋದ ಹೊಲಗಳಿಂದ ಬೇ ಏರಿಯಾ ಊರುಗಳ ಅಂಗಡಿಗಳಿಗೆ ತರಕಾರಿ ಸಾಗಿಸುವವನು. ಟ್ರಕ್ಕು ಖಾಲಿ ವಾಪಸು ಹೋದರೆ ಹೊಟ್ಟೆಯುರಿ. ಊಟದ ಟೇಬಲ್ಲಿನಲ್ಲಿ ಬೇರೆ ಮಾತೇ ಆಡಿದವನಲ್ಲ. ನಾಟಕದಲ್ಲಿ ಕಂಪನಿಯ ಅಕೌಂಟೆಂಟ್ ಪಾತ್ರವೂ ನನ್ನದೇ. "ಆಕ್ಟಿಂಗ್ ಬೇಡ, ಜಸ್ಟ್ ಬಿ ಯು" ಅಂದಿದ್ದಾಳೆ.

ಮಾರ್ಚ್ 16

ಪಕ್ಕದ ಮನೆ ಪ್ರಭಾ ಪುಳಿಯೋಗರೆ ಕಳಿಸಿದ್ದ ಡಬ್ಬಿ. ತೊಳೆದು, ವಾಪಸು ಕೊಡಲು ನಿಸರ್ಗಾ ಹೊರಟಳು. ಹೆಂಡತಿ ವಾಣಿಶ್ರೀ ತಡೆದಳು.

"ಖಾಲಿ ಡಬ್ಬಿ ಕೊಡ್ತಾರೇನೇ? ತಾ ಇಲ್ಲಿ." ಹಿತ್ತಲ ಗಿಡದ ನಾಲ್ಕು ನಿಂಬೆಹಣ್ಣು ಹಾಕಿದಳು.

"ಅಮ್ಮಾ, ಅವ್ರ ಮನೇಲೂ ಲೆಮನ್ ಟ್ರೀ ಇದೆ!"

"ಇರ್ಲಿ ಬಿಡು."

"ದೆನ್ ವಾಟ್ಸ್ ದ ಪಾಯಿಂಟ್?"

ನಾನು ಬಾಯಿ ಹಾಕಿದೆ. "ಲೆಕ್ಕ ಚುಕ್ತಾ ಆಗ್ಬಾರ್ದು, ಅದೇ ಪಾಯಿಂಟು. ನೀನು ಅಂಬೆಗಾಲಿಡೋವಾಗಿಂದ ಈ ಡಬ್ಬಿ ಓಡಾಡ್ತಿದೆ. ನಿಲ್ಸೋಕೆ ಯಾರಿಗೂ ಮುಖ ಇಲ್ಲ."

ನಿಸರ್ಗಾ ಡಬ್ಬಿಯನ್ನು ನನ್ನ ಕೈಗೆ ತುರುಕಿ ಲ್ಯಾಪ್‌ಟಾಪಿಗೆ ಓಡಿದಳು.

ಮಾರ್ಚ್ 23

ಹೊಸ ಎಂಡಿಂಗು. ಮಂಗಳದವರು ಖಾಲಿ ಹಡಗಿನಲ್ಲಿ, ತಾವು ಬೆಳೆದ ಮೊದಲ ಹಿಡಿ ಅವರೇಕಾಳು ಇಟ್ಟು ಕಳಿಸುತ್ತಾರೆ. ಅಕೌಂಟೆಂಟ್ ನೋಡುತ್ತಾನೆ. ಹಡಗನ್ನು ಮತ್ತೆ ತುಂಬಿಸಿ ಅನ್ನುತ್ತಾನೆ.

"ಒಂದು ಹಿಡಿ ಕಾಳಿಗಾ? ಕಂಪನಿಗೆ ನಷ್ಟ ತಾನೇ?" ಕೇಳಿದೆ.

"ಯೆಸ್, ಸ್ಟಿಲ್ ಎ ಲಾಸ್. ಬಟ್ ನೌ ನಿಂಗೆ ನಾಚಿಕೆ ಆಗ್ತಿದೆ."

ಈ ಹುಡುಗಿ ಬಿಸಿನೆಸ್ಸಿಗೆ ಇಳಿದರೆ ನಾನು ಅಂಗಡಿ ಮುಚ್ಚಬೇಕು. ಶೇಷಗಿರಿ ಒಪ್ಪಿದರು.

ಏಪ್ರಿಲ್ 6

ನಿನ್ನೆ ನಾಟಕ, ಸರಟೋಗಾದಲ್ಲಿ. ಸಭಾಂಗಣ ಭರ್ತಿ. ಅವರೇಕಾಳು ಅಂಗೈಗೆ ಸುರಿದುಕೊಂಡೆ... ಅದನ್ನೇ ನೋಡುತ್ತ ನಿಂತೆ. ಡೈಲಾಗು ಹೋಯಿತು. ರಂಗದ ಪಕ್ಕದ ವಿಂಗಿನಲ್ಲಿ ನಿಸರ್ಗಾಳ ಮುಖ ಬಿಳಿಚಿತು. ಹಾಸನದಿಂದ ಮಗಳ ಬಾಣಂತನಕ್ಕೆ ಬಂದಿರುವ ಲಿಂಗಮ್ಮ, ಮೂರನೇ ಸಾಲಿನಿಂದ ಕೂಗಿದರು:

"ನೋಡ್ತಾ ನಿಂತವ್ನೆ! ಪಾಪ, ಹಸ್ಕೊಂಡವ್ರೆ ಅಲ್ಲಿ. ತುಂಬ್ಸಿ ಕಳ್ಸಪ್ಪಾ!"

"ಕಳಿಸ್ತೀನಮ್ಮಾ" ಅಂದೆ. ಪರದೆ. ಎಂಥ ಚಪ್ಪಾಳೆ!

ಯಾರಿಗೇನು ಸಿಕ್ಕಿತು: ಶೇಷಗಿರಿಯವರಿಗೆ, ಯಾರೂ ಸಾಯದ ಹಬ್ಬ. ಮಂಗಳದವರಿಗೆ ಊಟ. ಲಿಂಗಮ್ಮನವರಿಗೆ ಮುಂದಿನ ನಾಟಕದಲ್ಲಿ ಪಾರ್ಟು. ನಿಸರ್ಗಾಳಿಗೆ, ತಾನೇ ನಂಬುವಂಥ ಎಂಡಿಂಗು. ನನಗೆ — ಮಗಳು ಓಡಿ ಬಂದು ಕುತ್ತಿಗೆಗೆ ಜೋತುಬಿದ್ದಳು. "ಅಪ್ಪಾ, ನೀನು ಮಾತು ಮರ್ತ್‌ಬಿಟ್ಟೆ" ಅಂದಳು, ಅಷ್ಟನ್ನೂ ಕನ್ನಡದಲ್ಲಿ. ಹೌದು ಕಣೇ, ಮರೆತೆ. ಯಾಕೆ ಅಂದರೆ — ಆ ಒಂದು ಹಿಡಿ ಕಾಳು ನೋಡಿ ನನಗೆ ನಿಜವಾಗಿಯೂ ನಾಚಿಕೆ ಆಯಿತು.