ಬಣ್ಣ ಒಣಗುವವರೆಗೆ

ಬೊಕ್ಕಪಟ್ಣ, ಮಂಗಳೂರು
೯ ಫೆಬ್ರವರಿ ೨೦೨೫, ಭಾನುವಾರ

ತೃಷಾಳ ಅಪ್ಪನಿಗೆ, ಕುಮುದಿನಿಯ ನಮಸ್ಕಾರ.

ಫೋನ್ ಮಾಡಿದರೆ ನೀವು ಎತ್ತುವುದಿಲ್ಲ. ಹೋದ ತಿಂಗಳು ಕಳಿಸಿದ ಕಾಗದವನ್ನು ಬಿಡಿಸಿಯೂ ನೋಡದೆ ಹರಿದಿರಿ ಎಂದು ಅಯ್ಯೂಬಣ್ಣ ಹೇಳಿದರು. ಈ ಸಲ ಅವರಿಗೇ ಹೇಳಿದ್ದೇನೆ, ನಿಮ್ಮ ಎದುರು ಕೂತು ಓದಿಸಿ, ಹರಿಯುವುದಾದರೆ ಓದಿ ಆದ ಮೇಲೆ ಹರಿಯಲಿ ಎಂದು. ಪಣಂಬೂರಿನ ಅವರ ಮನೆಯ ಮಹಡಿ ಕೋಣೆಯಲ್ಲಿ ನೀವು ಸುಖವಾಗಿದ್ದೀರಂತೆ. ಬಂದರಿನ ಕ್ರೇನ್ ಕೆಲಸ ಮುಗಿಸಿ ಬಂದು, ಅಂಗಿ ತೆಗೆದು, ಅವರ ಚಾವಡಿಯಲ್ಲಿ ಕೂತು ಚಾ ಕುಡಿಯುತ್ತೀರಂತೆ. ಅವರ ಹೆಂಡತಿ ಮಕ್ಕಳು ಯಾರೂ ಏನೂ ಅನ್ನುವುದಿಲ್ಲವಂತೆ. ಕೇಳಿ ನನಗೆ ಹೊಟ್ಟೆಕಿಚ್ಚಾಯಿತು.

ಬುಧವಾರ ಕೋರ್ಟಿನಲ್ಲಿ ನನ್ನ ಸಾಕ್ಷಿ. ಪೊಲೀಸರಿಗೆ ಕೊಟ್ಟ ಹೇಳಿಕೆಯನ್ನೇ ಅಲ್ಲಿಯೂ ಹೇಳಿದರೆ ನಿಮಗೆ ಏಳು ವರ್ಷದವರೆಗೆ ಜೈಲು ಆಗಬಹುದು ಎಂದು ವಕೀಲರು ಹೇಳುತ್ತಾರೆ. ನೀವು ಕುಡಿದಿದ್ದಿರಿ, ಸುಮ್ಮನೆ ಮಾತಾಡಿಸಲು ಬಂದ ನನ್ನ ತಮ್ಮ ವಿನೀತನಿಗೆ ಕಾರಣವಿಲ್ಲದೆ ಬಡಿದಿರಿ ಎಂದು ನಾನು ಹೇಳಿದ್ದೆ. ಹುಲಿವೇಷಕ್ಕೆ ವ್ರತ ಹಿಡಿದವನು ಕುಡಿದಿದ್ದ ಎಂದು ಅವನ ಹೆಂಡತಿಯೇ ಹೇಳಿದಳು. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು. ಬೇರೆ ಏನು ಹೇಳಿದ್ದರೂ ನೀವು ಜಾಮೀನು ಸಿಕ್ಕಿದ ದಿನ ಮನೆಗೆ ಬರುತ್ತಿದ್ದಿರಿ. ಈ ಒಂದು ಮಾತಿಗೆ ಬರಲಿಲ್ಲ.

ನಿಮ್ಮ ಎದೆಯ ಮೇಲಿನ ನನ್ನ ಸಿಟ್ಟು ಇವತ್ತಿನದ್ದಲ್ಲ. ಮದುವೆಯ ಮರುದಿನ ಬೆಳಿಗ್ಗೆ ನೀವು ಬರೀ ಮುಂಡಿನಲ್ಲಿ ನಿಮ್ಮ ಮನೆಯ ಜಗಲಿಗೆ ಬಂದು ಕೂತಾಗ ನೆಲ ಬಾಯಿ ಬಿಟ್ಟರೆ ಸಾಕು ಎನಿಸಿತ್ತು. ಹೆಂಗಸರ ಹಾಗೆ ತುಂಬಿದ ಮೊಲೆ. ಪಕ್ಕದಲ್ಲಿ ಬಲೆ ನೇಯುತ್ತಿದ್ದ ನಿಮ್ಮ ಅಪ್ಪ ದೂಮಪ್ಪ ಮಾವನದ್ದೂ ಹಾಗೆಯೇ. ಇಬ್ಬರಿಗೂ ಒಂದು ಚೂರು ನಾಚಿಕೆ ಇಲ್ಲ. ಮೀನಿನ ದೋಣಿ ನಿಲ್ಲುವ ದಕ್ಕೆಯಲ್ಲಿ ಯಾರೋ ಒಮ್ಮೆ ಮಾವನ ಎದೆಗೆ ಕೈ ಹಾಕಿದ್ದಕ್ಕೆ ಅವರು ಅವನನ್ನು ಎತ್ತಿ ಮೀನಿನ ಬುಟ್ಟಿಗಳ ಮೇಲೆ ಎಸೆದು, ಎರಡು ಪಕ್ಕೆಲುಬು ಮುರಿದು, ಮತ್ತೆ ಅವನನ್ನು ಅವರೇ ಆಸ್ಪತ್ರೆಗೆ ಹೊತ್ತುಕೊಂಡು ಹೋದರಂತೆ. ಅದನ್ನು ಅವರು ನಗುತ್ತಾ ಹೇಳುತ್ತಿದ್ದರು. ನಿಮ್ಮ ಮನೆಯ ಗಂಡಸರಿಗೆ ತಾಳ್ಮೆ ಎಷ್ಟು ಉದ್ದವೋ ಪೆಟ್ಟು ಅಷ್ಟೇ ಭಾರ.

ಅತ್ತಾವರದ ಡಾಕ್ಟರಲ್ಲಿಗೆ ನಿಮ್ಮನ್ನು ಎಳೆದುಕೊಂಡು ಹೋದವಳು ನಾನು. ಕಾಯಿಲೆ ಏನೂ ಇಲ್ಲ, ಕೆಲವು ಗಂಡಸರಿಗೆ ಹೀಗೆ ಬೆಳೆಯುತ್ತದೆ, ಬೇಡವಾದರೆ ಆಪರೇಷನ್ ಮಾಡಬಹುದು ಎಂದರು. ನೀವು, ನನಗೆ ಇದು ಭಾರ ಆಗುವುದಿಲ್ಲ ಡಾಕ್ಟ್ರೇ, ನೋಡುವವರಿಗೆ ಭಾರ ಆಗ್ತದೆ, ಮದ್ದು ಉಂಟಾದರೆ ಇವಳಿಗೆ ಕೊಡಿ ಎಂದಿರಿ. ಅವರೂ ನಕ್ಕರು. ಮನೆಗೆ ಬಂದು ಒಲೆಯ ಮೇಲಿದ್ದ ಸೌಟನ್ನು ತೆಗೆದು ನಿಮ್ಮ ಎಡ ಮೊಲೆಗೆ ಬಾರಿಸಿದೆ. ಸಾರಿನ ಬಿಸಿಗೆ ಚರ್ಮ ಎದ್ದು ಬಂತು. ನೀವು ಹೋಗಿ ತಣ್ಣೀರು ಹಾಕಿಕೊಂಡಿರಿ. ಆ ವರ್ಷ ಮೈಗೆ ಹುಲಿಯ ಪಟ್ಟೆ ಬರೆಯುವ ಬಣ್ಣದವನಿಗೆ, ಇಲ್ಲಿ ಒಂದು ಪಟ್ಟೆ ನನ್ನ ಹೆಂಡತಿ ಮೊದಲೇ ಎಳೆದಿದ್ದಾಳೆ ಮಾರಾಯ, ನೀನು ಅದರ ಮೇಲೆ ಎಳೆದರೆ ಸಾಕು ಎಂದು ಹೇಳಿದ್ದು ಇಡೀ ಬೊಕ್ಕಪಟ್ಣಕ್ಕೆ ಗೊತ್ತಾಯಿತು. ನಾನು ಎಂಟು ದಿನ ಹೊರಗೆ ತಲೆ ಹಾಕಲಿಲ್ಲ.

ತೃಷಾ ಹುಟ್ಟಿದ ಮೇಲೆ ಅವಳು ನಿದ್ದೆ ಮಾಡಿದ್ದು ಆ ಎದೆಯ ಮೇಲೆಯೇ, ನನ್ನ ಹತ್ತಿರ ಬಂದರೆ ಅಳು. ನಿಮ್ಮ ಹುಲಿ ತಂಡದ ನೊರ್ಬರ್ಟ್‌ಗೆ ಯಾವುದೋ ಮದ್ದಿನಿಂದ ಎದೆ ಬೆಳೆದು, ಅವರು ಮನೆಯಿಂದ ಹೊರಡುವುದನ್ನೇ ಬಿಟ್ಟಾಗ, ನೀವೇ ಅವರನ್ನು ತಣ್ಣೀರುಬಾವಿ ಕಡಲಿಗೆ ಕರೆದುಕೊಂಡು ಹೋಗಿ ಅಂಗಿ ತೆಗೆಸಿ ಈಜಿಸಿದಿರಿ. ಆ ನಂತರ ಅವರೂ ನಿಮ್ಮ ಹಾಗೆಯೇ ಎದೆ ಬಿಟ್ಟುಕೊಂಡು ಹುಲಿ ಕುಣಿದರು. ಎಲ್ಲರೂ ನಿಮ್ಮನ್ನು ಮೆಚ್ಚಿದರು. ನಾನು ಒಬ್ಬಳೇ ಉರಿದೆ.

ಎರಡು ವರ್ಷದ ಹಿಂದೆ ನವರಾತ್ರಿಯ ಸಮಯ ಬೆಂಗ್ರೆಯಿಂದ ತೃಷಾಳಿಗೆ ಸಂಬಂಧ ಬಂತು. ಹುಡುಗನ ಮನೆಯವರು ಮಧ್ಯಾಹ್ನ ಹುಲಿ ಕುಣಿತ ನೋಡಿಕೊಂಡು ಮನೆಗೆ ಬರುತ್ತೇವೆ ಎಂದರು. ಈ ಒಂದು ವರ್ಷ ವೇಷ ಬೇಡ, ಹಾಕುವುದಾದರೆ ಒಳಗೊಂದು ಬನಿಯನ್ ಆದರೂ ಹಾಕಿ ಎಂದು ನಿಮ್ಮ ಕಾಲು ಹಿಡಿದೆ. ಹುಲಿಗೆ ಬನಿಯನ್ ಹಾಕಿದವರು ಯಾರಾದರೂ ಉಂಟಾ ಕುಮುದಾ ಎಂದಿರಿ. ನಮ್ಮದು ಅಳಿಯಕಟ್ಟಿನ ಮನೆ, ಮನೆತನ ನಡೆಯುವುದು ತಾಯಿಯ ಕಡೆಯಿಂದ, ನಾವಿದ್ದದ್ದೂ ನನ್ನ ಅಮ್ಮನ ಮನೆಯಲ್ಲೇ, ಮಗಳ ಮದುವೆಯಲ್ಲಿ ಸೋದರಮಾವನ ಮಾತಿಗೆ ತೂಕ ಉಂಟು. ಅದಕ್ಕೆ ಭಾವನಿಗೆ ಒಂದು ಮಾತು ಹೇಳು ಎಂದು ವಿನೀತನಿಗೆ ಹೇಳಿದೆ. ಪೊಲೀಸರಿಗೆ ಇದನ್ನೂ ನಾನು ಹೇಳಿರಲಿಲ್ಲ.

ಆ ಬೆಳಿಗ್ಗೆ ಭಜನಾ ಮಂದಿರದ ಹಿಂದಿನ ಹಾಲ್‌ನಲ್ಲಿ ನಡೆದದ್ದನ್ನು, ವಿನೀತನ ಕಡೆಯವರನ್ನು ಬಿಟ್ಟರೆ, ನೋಡಿದವಳು ನಾನು ಒಬ್ಬಳೇ. ಬಣ್ಣದವರು ಚಾ ಕುಡಿಯಲು ಹೋಗಿದ್ದರು, ಉಳಿದ ಹುಲಿಗಳು ಅಂಗಳದ ಬಿಸಿಲಿನಲ್ಲಿದ್ದವು. ನೀವು ಎರಡೂ ಕೈ ಅಗಲಿಸಿ, ಒಂದೊಂದು ಕೈಯಲ್ಲಿ ಒಂದೊಂದು ಬಿದಿರ ಕೋಲು ನೆಲಕ್ಕೆ ಊರಿ ನಿಂತಿದ್ದಿರಿ. ಮೈ ಎಲ್ಲ ಹಸಿ ಹಳದಿ, ಅದು ಒಣಗುವವರೆಗೆ ಕೈ ಇಳಿಸುವ ಹಾಗಿಲ್ಲ. ನಾನು ಸ್ಟ್ರಾ ಹಾಕಿ ಬೊಂಡದ ಎಳನೀರು ಕುಡಿಸುತ್ತಿದ್ದೆ. ಅಷ್ಟರಲ್ಲಿ ವಿನೀತ ಇಬ್ಬರು ಗೆಳೆಯರ ಜೊತೆ ಬಂದ. ಒಬ್ಬ ನಿಮ್ಮನ್ನು ಹಿಂದಿನಿಂದ ಅವುಚಿ ಹಿಡಿದ, ಇನ್ನೊಬ್ಬ ಮೊಬೈಲ್ ಎತ್ತಿದ. ವಿನೀತ ಬಿಗಿ ಬನಿಯನ್ ಒಂದನ್ನು ತಲೆಯ ಮೇಲಿನಿಂದ ತುರುಕಿದ. ಕುತ್ತಿಗೆ ಸಿಕ್ಕಿಕೊಂಡು ನಿಮಗೆ ಉಸಿರು ಕಟ್ಟಿತು. ಬಣ್ಣ ಎಲ್ಲ ಕಲಸಿ ಹೋಯಿತು. ಆಮೇಲೆ ಅವನು ನಿಮ್ಮ ಮೊಲೆಯನ್ನು ಹಿಂಡಿ ಹಿಡಿದು, ಹುಲಿಯಾ ದನವಾ ಭಾವ, ದಿನಕ್ಕೆ ಎಷ್ಟು ಲೀಟರ್ ಎಂದು ಕೇಳಿದ.

ನೀವು ಆಗಲೂ ಕೈ ಇಳಿಸಲಿಲ್ಲ. ಬಿಡು ವಿನೀತಾ, ವ್ರತದಲ್ಲಿದ್ದೇನೆ ಎಂದು ಎರಡು ಸಲ ಹೇಳಿದಿರಿ. ನನ್ನ ಕಡೆ ನೋಡಿದಿರಿ. ನಾನು ಬೊಂಡ ಹಿಡಿದು ನಿಂತೇ ಇದ್ದೆ. ಅವನು ಉಗುರು ಊರಿ ತಿರುಚಿದ, ಹಳದಿಯ ಮೇಲೆ ರಕ್ತ ಇಳಿಯಿತು. ಮೊದಲ ಪೆಟ್ಟು ಆಮೇಲೆ ಬಿದ್ದದ್ದು. ಕೋಲು ಅವನ ದವಡೆಗೆ ಬಡಿದು ಹಲ್ಲುಗಳು ನನ್ನ ಕಾಲ ಹತ್ತಿರ ಬಂದು ಬಿದ್ದವು. ಎರಡನೇ ಪೆಟ್ಟಿಗೆ ಎಡಗಣ್ಣು ಹೋಯಿತು. ಅವನು ನೆಲಕ್ಕೆ ಬಿದ್ದು ಕೈ ಮುಗಿಯುತ್ತಿದ್ದಾಗ ಮೂರನೆಯದನ್ನು ಮೊಣಕಾಲಿಗೆ ಹಾಕಿದಿರಿ. ಮೂಳೆ ಮುರಿದ ಶಬ್ದ ಹೊರಗೆ ಅಂಗಳದಲ್ಲಿ ಬಾರಿಸುತ್ತಿದ್ದ ತಾಸೆ ಡೋಲಿನ ಮಧ್ಯೆಯೂ ನನಗೆ ಕೇಳಿತು. ಮೂರನೆಯದು ಬೇಕಿರಲಿಲ್ಲ. ಅದೊಂದನ್ನು ನಾನು ಸರಿ ಎನ್ನುವುದಿಲ್ಲ.

ಠಾಣೆಯಲ್ಲಿ ನೀವು ಒಂದೇ ಪ್ರಶ್ನೆ ಕೇಳಿದ್ದು, ನಾನು ಕೈ ಅಗಲಿಸಿ ನಿಂತ ಹೊತ್ತಿಗೇ ಇವರು ಸರಿಯಾಗಿ ಹೇಗೆ ಬಂದರು ಎಂದು. ವಿಡಿಯೋವನ್ನು ಆ ಹುಡುಗರು ಆಗಲೇ ಅಳಿಸಿದ್ದರು. ಅಮ್ಮ ನನ್ನ ಕೈ ಹಿಡಿದು, ಕಣ್ಣು ಹೋದದ್ದು ನಿನ್ನ ಒಡಹುಟ್ಟಿದವನದ್ದು, ಈ ಮನೆಯಲ್ಲಿ ಇರಬೇಕಾದರೆ ಯೋಚಿಸಿ ಮಾತಾಡು ಎಂದಳು. ನಾನು ಯೋಚಿಸಿಯೇ ಸುಳ್ಳು ಹೇಳಿದೆ.

ಬೆಂಗ್ರೆಯ ಸಂಬಂಧವೂ ಮುರಿಯಿತು. ಹುಡುಗನ ತಾಯಿ ಒಮ್ಮೆ ಮೀನು ಮಾರುಕಟ್ಟೆಯಲ್ಲಿ ಸಿಕ್ಕಿ, ನಿಮ್ಮ ಹೆಸರೆತ್ತಿ, ಶೈಲೇಶಣ್ಣನ ಎದೆಯ ವಿಷಯ ನಮಗೆ ಮೊದಲೇ ಗೊತ್ತಿತ್ತು, ಇಪ್ಪತ್ತು ವರ್ಷದಿಂದ ಊರೆಲ್ಲ ನೋಡಿದ್ದೇ ಅಲ್ವಾ, ಅದಕ್ಕೆ ಎಂತ, ನಾವು ಹಿಂದೆ ಸರಿದದ್ದು ರಕ್ತಕ್ಕೆ ಎಂದರು. ಇಷ್ಟು ವರ್ಷ ನಾಚಿದವಳು ಊರಿನಲ್ಲಿ ನಾನು ಒಬ್ಬಳೇ ಎಂದು ಆ ದಿನ ತಿಳಿಯಿತು.

ಹೋದ ವಾರ ವಿನೀತ ನನಗೆ ಸಾಕ್ಷಿ ಹೇಳಿಕೊಟ್ಟ. ಭಾವ ಹಿಂದಿನ ಸಂಜೆಯಿಂದಲೇ ಕುಡಿಯುತ್ತಿದ್ದ ಎಂದು ಸೇರಿಸು ಅಕ್ಕ ಎಂದ. ಆ ಸಂಜೆ ನೀವು ವೇಷಕ್ಕೆ ಮೊದಲಿನ ಊದು ಪೂಜೆಯಲ್ಲಿ ಧೂಪದ ಹೊಗೆಯ ಎದುರು ಕಣ್ಣು ಮುಚ್ಚಿ ಕೈ ಮುಗಿದು ನಿಂತದ್ದನ್ನು ನಾನು ನೋಡಿದ್ದೆ. ನನಗೆ ತಡೆಯಲಾಗಲಿಲ್ಲ. ಅವನ ಎಡ ಕೆನ್ನೆಗೆ ಹೊಡೆದುಬಿಟ್ಟೆ. ಕಣ್ಣಿಲ್ಲದ ಬದಿಯಿಂದ ಹೊಡೆದದ್ದರಿಂದ ಅವನಿಗೆ ಪೆಟ್ಟು ಬರುವುದು ಕಾಣಲಿಲ್ಲ. ಅಮ್ಮ ನನ್ನ ಕೂದಲು ಹಿಡಿದು ಜಗಲಿಗೆ ಎಳೆದು ಹಾಕಿದಳು. ಈಗ ತೃಷಾಳ ಬಾಡಿಗೆ ಕೋಣೆಯಲ್ಲಿದ್ದೇನೆ. ಅವಳು ಅನ್ನ ಬಡಿಸುತ್ತಾಳೆ, ಮಾತಾಡುವುದಿಲ್ಲ.

ಬುಧವಾರ ನೋಡಿದ್ದನ್ನೆಲ್ಲ ಹೇಳುತ್ತೇನೆ. ಬನಿಯನ್ ಹೇಳುತ್ತೇನೆ, ಉಗುರು ಹೇಳುತ್ತೇನೆ, ಮೂರನೇ ಪೆಟ್ಟನ್ನೂ ಹೇಳುತ್ತೇನೆ. ನೀವು ಕುಡಿದಿರಲಿಲ್ಲ ಎಂದು ಎಲ್ಲರ ಎದುರು ಹೇಳುತ್ತೇನೆ. ಮನೆಗೆ ಬನ್ನಿ ಎನ್ನಲು ನನಗೆ ಮನೆಯೂ ಇಲ್ಲ, ಮುಖವೂ ಇಲ್ಲ. ಆದರೆ ನಿಮ್ಮ ಮೇಲೆ ಪ್ರೀತಿ ಉಂಟು. ಅದನ್ನು ಇಪ್ಪತ್ತನಾಲ್ಕು ವರ್ಷ ಸಿಟ್ಟಿನ ಬಾಯಿಯಿಂದಲೇ ಹೇಳಿದೆ, ನಿಮಗೆ ಕೇಳಿತೋ ಇಲ್ಲವೋ ಗೊತ್ತಿಲ್ಲ.

ಇಂತಿ,
ನಿಮ್ಮ ಹೆಂಡತಿ ಹೌದೋ ಅಲ್ಲವೋ ಎಂದು ನೀವೇ ಹೇಳಬೇಕಾದ
ಕುಮುದಿನಿ

ಸಹಿ ಹಾಕಿದ ಮೇಲೆ ಬರೆದದ್ದು: ಮೇಲೆ ಒಂದು ಕಡೆ ಮತ್ತೆ ಸುಳ್ಳು ಬರೆದಿದ್ದೇನೆ. ವಿನೀತನಿಗೆ ನಾನು ಹೇಳಿದ್ದು ಭಾವನ ಹತ್ತಿರ ಮಾತಾಡು ಎಂದಲ್ಲ. ಬನಿಯನ್ನಿನ ಅಳತೆ ಕೊಟ್ಟವಳು ನಾನು. ಅವನಿಗೆ ಹೆದರಿಕೆ ಇತ್ತು, ಭಾವ ಕೈ ಎತ್ತಿದರೆ ಎಂತ ಮಾಡುವುದು ಅಕ್ಕ ಎಂದು ಕೇಳಿದ. ಮೈ ಹಸಿ ಇರುವಾಗ ಹೋಗು, ಬಣ್ಣ ಒಣಗುವವರೆಗೆ ಪ್ರಾಣ ಹೋದರೂ ಅವರು ಕೈ ಇಳಿಸುವುದಿಲ್ಲ ಎಂದು ಹೇಳಿಕೊಟ್ಟೆ. ಬೊಂಡ ಹಿಡಿದು ಬಂದದ್ದು ಆ ಹೊತ್ತು ಬಂತಾ ಎಂದು ನೋಡಲಿಕ್ಕೆ. ಕಿಟಕಿಯಿಂದ ಅವರಿಗೆ ಕೈಸನ್ನೆ ಮಾಡಿದವಳೂ ನಾನೇ. ಬುಧವಾರ ಇದನ್ನೂ ಹೇಳುತ್ತೇನೆ, ನೀವು ಅಲ್ಲಿ ಮೊದಲ ಸಲ ಕೇಳುವುದು ಬೇಡ ಎಂದು ಬರೆದೆ.