ನಿಮ್ಮ ‘ತಾಂತ್ರಿಕ ಕಾರಣ’ಕ್ಕೆ ಕೊಕ್ಕಿತ್ತು

ಮಾನ್ಯ ನಗರಸಭೆಯ ಆಯುಕ್ತರೇ,

ಕಳೆದ ಭಾನುವಾರ ವಾಯುಪಡೆಯ ಕಸರತ್ತಿನ ವಿಮಾನಗಳು ಆಟ ಅರ್ಧಕ್ಕೇ ಬಿಟ್ಟು ಇಳಿದಾಗ ತಾವು ಧ್ವನಿವರ್ಧಕದಲ್ಲಿ ‘ತಾಂತ್ರಿಕ ಕಾರಣ’ ಎಂದಿರಿ. ಮರುದಿನ ಪತ್ರಿಕೆಯವರ ಮುಂದೆ ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ, ‘ವಿಮಾನದ ನಿರ್ವಹಣೆಯಲ್ಲಿ ಲೋಪವಿರಬಹುದು’ ಎಂದಿರಿ. ಅದು ಸುಳ್ಳು. ತಮ್ಮ ತಾಂತ್ರಿಕ ಕಾರಣಕ್ಕೆ ಎರಡು ರೆಕ್ಕೆ, ಒಂದು ಕೊಕ್ಕು ಇತ್ತು. ಅದೊಂದು ಹದ್ದು. ಅದು ಬಂದದ್ದು ಕಸರತ್ತು ನೋಡಲಿಕ್ಕಲ್ಲ, ವಿಮಾನ ನಿಲ್ದಾಣದ ಗೋಡೆಯ ಹೊರಗೆ ಕೊಳೆಯುತ್ತಿರುವ ಮಾರುಕಟ್ಟೆಯ ಕಸಕ್ಕೆ. ಆ ಕಸದಲ್ಲಿ ನನ್ನ ಕೋಳಿ ಅಂಗಡಿಯ ಪಾಲೂ ಇದೆ. ಆದ್ದರಿಂದ ಈ ಪತ್ರವನ್ನು ಎದೆಯುಬ್ಬಿಸಿ ಬರೆಯುತ್ತಿಲ್ಲ, ನಾಚಿಕೆಯಿಂದ ಬರೆಯುತ್ತಿದ್ದೇನೆ.

ಆ ಎರಡು ಪದಗಳ ಮೇಲೆ ತಮಗಿರುವ ಮಮತೆ ಊರಿಗೇ ಗೊತ್ತು. ನಲ್ಲಿಯಲ್ಲಿ ನೀರು ಬಾರದಿದ್ದರೆ ತಾಂತ್ರಿಕ ಕಾರಣ. ಬೀದಿದೀಪ ಹಗಲೆಲ್ಲ ಉರಿದು ಕತ್ತಲಾದ ಮೇಲೆ ಕೆಟ್ಟರೆ ತಾಂತ್ರಿಕ ಕಾರಣ. ಕಸದ ಲಾರಿ ಮಾರುಕಟ್ಟೆಯ ಕಡೆ ತಲೆ ಹಾಕದಿದ್ದರೂ ಅದೇ. ಕೇಳಲು ಹೋದ ನಮಗೆ ತಮ್ಮ ಗುಮಾಸ್ತರು, “ಲಾರಿ ಬರೋ ತನಕ ಸ್ವಲ್ಪ ಅಡ್ಜಸ್ಟ್ ಮಾಡ್ಕೊಳ್ಳಿ” ಎಂದರು. ನಾವೂ ಧಾರಾಳವಾಗಿ ಅಡ್ಜಸ್ಟ್ ಮಾಡಿಕೊಂಡೆವು. ಕರುಳು, ಪುಕ್ಕ, ಮೀನಿನ ತಲೆ ಎಲ್ಲವೂ ಆ ಗೋಡೆಯ ಬುಡ ಸೇರಿದವು. ಹದ್ದುಗಳನ್ನು ತಾವು ಊಟಕ್ಕೆ ಕರೆದಿರಿ, ನಾವು ಬಡಿಸಿದೆವು. ಪ್ರದರ್ಶನಕ್ಕೆ ಮುಂಚೆ ರಸ್ತೆಯ ಕಲ್ಲು ಕಲ್ಲಿಗೂ ಸುಣ್ಣ ಬಳಿಸಿದ ತಮಗೆ ಆ ರಾಶಿ ಮಾತ್ರ ಕಾಣಲಿಲ್ಲವೇ? ಹಾಗಾದರೆ ಅದಕ್ಕೆ ಅಡ್ಡಲಾಗಿ ತಮ್ಮ ಭಾವಚಿತ್ರವಿರುವ ಸ್ವಾಗತದ ಬ್ಯಾನರ್ ಕಟ್ಟಿಸಿದವರು ಯಾರು?

ಆ ದಿನ ನಾನೂ ನನ್ನ ಅತ್ತೆಯೂ ವಿಮಾನ ನಿಲ್ದಾಣದ ಮೈದಾನದಲ್ಲಿದ್ದೆವು. ಮಂಡಿನೋವಿನ ಅತ್ತೆ ವಾರದಿಂದ ‘ವಿಮಾನ, ವಿಮಾನ’ ಎಂದು ನನ್ನ ಪ್ರಾಣ ತಿಂದಿದ್ದರು. ಕೆಂಪು ಬಿಳಿ ಬಣ್ಣದ ಆ ಪುಟ್ಟ ವಿಮಾನಗಳು ರೆಕ್ಕೆಗೆ ರೆಕ್ಕೆ ಸೋಕುವಷ್ಟು ಹತ್ತಿರ ಬಂದು, ಹೊಗೆ ಬಿಡುತ್ತ ಒಟ್ಟಿಗೇ ತಲೆಕೆಳಗಾದಾಗ ಅವರು ನನ್ನ ಕೈ ಗಟ್ಟಿಯಾಗಿ ಹಿಡಿದು, “ಅಯ್ಯೋ, ಒಂದಕ್ಕೊಂದು ತಾಗ್ಬಿಟ್ರೆ ಏನೇ ಗತಿ!” ಎಂದರು. ಅಷ್ಟರಲ್ಲಿ ತುದಿಯ ವಿಮಾನವೊಂದು ಸರಕ್ಕನೆ ಸಾಲು ಬಿಟ್ಟು ಹೊರಗೆ ಹೊರಳಿತು. ಅದು ಹೇಗೋ ನೆಲ ಮುಟ್ಟಿತು, ಉಳಿದವೂ ಹಿಂದೆಯೇ ಇಳಿದವು. ತಮ್ಮ ಘೋಷಣೆ ಕೇಳಿದ್ದೇ ತಡ, ಮೈದಾನಕ್ಕೆ ಮೈದಾನವೇ ‘ಹೋ’ ಎಂದಿತು. “ಡಬ್ಬಾ ವಿಮಾನ! ಗುಜರಿಗೆ ಹಾಕ್ರೋ!” ಎಂದು ಕೂಗಿದವರಲ್ಲಿ ನಾನೂ ಒಬ್ಬಳು. ಜೀವ ಕೈಯಲ್ಲಿ ಹಿಡಿದು ಇಳಿದವರು ನಮ್ಮ ಎದುರಿಗೇ ತಲೆ ತಗ್ಗಿಸಿ ನಡೆದುಹೋದರು.

ಮಂಗಳವಾರ ಆ ತಂಡದ ಸಮವಸ್ತ್ರ ತೊಟ್ಟ ಹುಡುಗಿಯೊಬ್ಬಳು ಅಂಗಡಿಗೆ ಬಂದಳು. ಸಾಲು ಬಿಟ್ಟ ವಿಮಾನದ ಮೆಕ್ಯಾನಿಕ್ ಅವಳೇ.

“ಅಕ್ಕಾ, ಗೋಡೆ ಹತ್ರ ಕಸ ಹಾಕೋರು ಯಾರು? ಆವತ್ತು ನಮ್ಮ ವಿಮಾನಕ್ಕೆ ಹದ್ದು ಬಡೀತು. ಇಂಜಿನ್ ಒಳಗೆಲ್ಲ ಪುಕ್ಕ.”

ನನ್ನ ಕೈಯಲ್ಲಿ ಅರ್ಧ ಸುಲಿದ ಕೋಳಿ ಇತ್ತು. “ನಮಗೇನಮ್ಮಾ ಗೊತ್ತು?” ಎಂದೆ.

ಅವಳು ವಾದ ಮಾಡಲಿಲ್ಲ. “ಹೋಗ್ಲಿ ಬಿಡಿ. ನಮ್ಮ ತಂಡದವರಿಗೆಲ್ಲ ನಿಜ ಗೊತ್ತು. ಪೇಪರ್‌ನವರ ಹತ್ರ ನಾವು ಮಾತಾಡೋ ಹಾಗಿಲ್ಲ, ಅಷ್ಟೇ. ಆದ್ರೆ ನಮ್ಮಮ್ಮ ಪೇಪರ್ ಓದಿ ಫೋನ್ ಮಾಡಿದ್ರು. ‘ಏನಾದ್ರೂ ಮರೆತುಬಿಟ್ಟಿದ್ಯೇನೇ?’ ಅಂತ ಕೇಳಿದ್ರು. ಇಲ್ಲಮ್ಮಾ ಅಂದೆ. ‘ಹೂಂ’ ಅಂದ್ರು. ನಂಬ್ಲಿಲ್ಲ ಅಕ್ಕಾ.”

ಅವಳು ಮರೆಯಾದ ಮೇಲೆ ಗಲ್ಲಾದ ಹಿಂದೆ ಕೂತಿದ್ದ ಅತ್ತೆ ನನ್ನ ಮೇಲೆ ಎಗರಿದರು. “ನಾವೇ ಹಾಕ್ತೀವಿ ಅಂದಿದ್ರೆ ಅವಳೇನು ನಿನ್ನ ನುಂಗ್ಬಿಡ್ತಿದ್ಲಾ?”

“ನೀವೂ ಇಲ್ಲೇ ಇದ್ರಲ್ಲ ಅತ್ತೆ, ನೀವೇ ಹೇಳ್ಬೋದಿತ್ತು.”

ಅವರು ಸೆರಗಿನಿಂದ ಮುಖ ಒರೆಸಿಕೊಂಡರು. “ನಂಗೂ ನಾಚಿಕೆ ಆಯ್ತು ಕಣೇ.” ನನ್ನ ಅತ್ತೆ ಮಾತಿನಲ್ಲಿ ಸೋತದ್ದನ್ನು ಈ ಮನೆಗೆ ಬಂದ ಮೇಲೆ ಅದೇ ಮೊದಲ ಸಲ ನೋಡಿದೆ. ಆ ದಿನ ಬೇಗ ಅಂಗಡಿ ಮುಚ್ಚಿದೆವು.

ಈಗ ಹೇಳಿ, ನನಗೂ ತಮಗೂ ಏನು ವ್ಯತ್ಯಾಸ? ನಾನು ಒಬ್ಬಳ ಮುಂದೆ ಸುಳ್ಳಾಡಿದೆ, ತಾವು ಇಡೀ ಊರಿನ ಮುಂದೆ. ಅಂದಿನಿಂದ ನನಗೆ ಕೋಳಿ ಸುಲಿಯುವಾಗಲೆಲ್ಲ ಅವಳ ಮಾತೇ ನೆನಪಾಗುತ್ತದೆ, ತಮಗೆ ಹೇಗಿದೆ? ಕಸ ತೆಗೆಸಲು ಲಾರಿ ಬೇಕು, ಡ್ರೈವರ್ ಬೇಕು, ಟೆಂಡರ್ ಬೇಕು, ಒಪ್ಪಿದೆ. ನಿಜ ಹೇಳಲು ಏನು ಬೇಕು? ಮೈಕ್ ಅಂತೂ ತಮ್ಮ ಬಳಿಯೇ ಇದೆ.

ಶನಿವಾರ ಆ ತಂಡ ನಮ್ಮೂರು ಬಿಡುತ್ತದಂತೆ. ಅಷ್ಟರೊಳಗೆ ಅದೇ ಮೈದಾನದಲ್ಲಿ, ಪತ್ರಿಕೆಯವರನ್ನೂ ಕರೆಸಿ, ವಿಮಾನದಲ್ಲಾಗಲಿ ಅದನ್ನು ನೋಡಿಕೊಂಡವಳಲ್ಲಾಗಲಿ ಯಾವ ಲೋಪವೂ ಇರಲಿಲ್ಲ, ಲೋಪ ನಮ್ಮದು ಎಂದು ಹೇಳಿ. ನನ್ನ ಅಂಗಡಿಯನ್ನು ಬೊಟ್ಟು ಮಾಡಿ ತೋರಿಸಬೇಕೆನಿಸಿದರೆ ತೋರಿಸಿ, ನಾನು ಪಕ್ಕದಲ್ಲೇ ನಿಲ್ಲುತ್ತೇನೆ. ಅತ್ತೆಗೊಂದು ಕುರ್ಚಿ ಹಾಕಿಸಿದರೆ ಸಾಕು. ನಾನೊಬ್ಬಳೇ ಹೇಳಿದರೆ ಆಗದೇ ಎಂದು ತಾವು ಕೇಳಬಹುದು. ಆಗುವುದಿಲ್ಲ, ಮಾನ್ಯರೇ. ಆ ತಾಯಿ ಹೆತ್ತ ಮಗಳ ಮಾತನ್ನು ಬಿಟ್ಟು ತಮ್ಮ ಮಾತನ್ನು ನಂಬಿದ್ದಾರೆ. ಅಷ್ಟು ನಂಬಿದವರಿಗೆ ಒಂದು ಸಲವಾದರೂ ನಿಜ ಹೇಳಿ.

ಇಂತಿ,
ಗೊತ್ತಿದ್ದೂ ಗೊತ್ತಿಲ್ಲವೆಂದ
ಕೋಳಿ ಅಂಗಡಿಯವಳು