ಅಮೀರ ಒಡೆಯಬೇಕಿದ್ದ ಕಾಯಿ

ಚಾಕಣ, ಪುಣೆ
೧೨ ಫೆಬ್ರುವರಿ ೨೦೨೫

ಗೆಳೆಯ ಓಂಪ್ರಕಾಶನಿಗೆ,

ಶರಣು. ಬಸವಕಲ್ಯಾಣದಿಂದ ಹಿಂದಿರುಗಿದ ಕೂಡಲೇ ಬರೆಯಬೇಕಿತ್ತು, ತಡವಾದುದಕ್ಕೆ ಕ್ಷಮೆಯಿರಲಿ. ಫೋನಿನಲ್ಲಿ ನೀನು ಮಾತು ತಿರುಗಿಸುತ್ತೀ, ನಾನು ಸುಮ್ಮನಾಗುತ್ತೇನೆ. ಆದ್ದರಿಂದ ಈ ಕಾಗದ. ಮೊದಲು ಸಂಗತಿಗಳನ್ನು ಕ್ರಮವಾಗಿ ಹೇಳುತ್ತೇನೆ.

೧. ವಾಹನಗಳ ಮಾರಾಟ ಕುಸಿದು ನಮ್ಮ ಕಾರ್ಖಾನೆಯ ಒಂದು ಪಾಳಿ ನಿಂತಿದೆ. ಮಾರ್ಚ್ ನಂತರ ಇಲ್ಲಿ ನನಗೆ ಕೆಲಸವಿಲ್ಲ.
೨. ಗುಜರಾತಿನ ಘಟಕದಲ್ಲಿ ಕೆಳಗಿನ ಹುದ್ದೆಯೊಂದನ್ನು ಕೊಡುವುದಾಗಿ ಹೇಳಿದ್ದಾರೆ. ಐವತ್ತೆರಡರ ವಯಸ್ಸಿನವನನ್ನು ಬೇರೆ ಯಾರೂ ಕರೆಯುವುದಿಲ್ಲ.
೩. ಡಿಪ್ಲೊಮಾ ಕಾಲದ ಗೆಳೆತನ ನೆನೆದು, ನೀನು ನಿನ್ನ ಲಾರಿ ಬಾಡಿ ಕಟ್ಟುವ ವರ್ಕ್‌ಶಾಪಿಗೆ ಕರೆದೆ. ಕಳೆದ ತಿಂಗಳು ಬಂದು ನೋಡಿದೆ, ಒಪ್ಪಿದೆ.
೪. ನಿನ್ನ ವರ್ಕ್‌ಶಾಪಿನ ಅಮೀರ ಪುಣೆಗೆ ಬಂದಿದ್ದ.

ನಾಲ್ಕನೆಯದು ನಿನಗೆ ತಿಳಿದಿರಲಾರದು. "ಮಗಳ ಊರಿಗೆ ಹೋಗ್ಯಾನ, ಬರ್ತಾನ ತಗೋ" ಎಂದು ನೀನು ಫೋನಿನಲ್ಲಿ ಹೇಳಿದ್ದೆ. ಭಾನುವಾರ ಬೆಳಗ್ಗೆ ನಿನ್ನ ಹಿರಿಯ ಮಿಸ್ತ್ರಿ ಹತಾರಗಳ ಪೆಟ್ಟಿಗೆ ಹಿಡಿದು ನನ್ನ ಕೋಣೆಯ ಮುಂದೆ ನಿಂತಿದ್ದ.

"ನೀವು ನಮ್ಮ ಊರಿಗೆ ಹೊಂಟ್ರಿ, ನಾ ನಿಮ್ಮ ಊರಿಗೆ ಬಂದೆ. ಹಿಸಾಬ ಬರೋಬ್ಬರಿ ಆತಲ್ರಿ, ಇಂಜಿನಿಯರ್ ಸಾಬ್!" ಎಂದು ನಕ್ಕ.

ಚಹಾ ಕೊಟ್ಟು, "ಕೆಲಸ ಯಾಕ ಬಿಟ್ರಿ ಅಮೀರಭಾಯ್?" ಎಂದು ಕೇಳಿದೆ.

"ನಾ ಎಲ್ಲಿ ಬಿಟ್ಟೀನ್ರಿ? ನೀವು ಕಾಯಿ ಒಡದ್ರಿ."

ಸಂಕ್ರಾಂತಿಯ ಮರುದಿನ ಬಾಡಿ ಕಟ್ಟಬೇಕಾದ ಹೊಸ ಲಾರಿ ಚಾಸಿ ಬಂದಾಗ ತೆಂಗಿನಕಾಯಿಯನ್ನು ನನ್ನ ಕೈಗಿತ್ತು, "ಒಡಿಯಪಾ ಸಂಜೀವ, ಶುಭ ಆಗಲಿ" ಎಂದವನು ನೀನು. ಬಂದವರಿಗೆ ಸಲ್ಲುವ ಮರ್ಯಾದೆ ಎಂದು ಭಾವಿಸಿ ಒಡೆದೆ. ಕೆಲಸಗಾರರೆಲ್ಲ ಅಮೀರನ ಕಡೆ ತಿರುಗಿ ನೋಡಿದರು. ಚಪ್ಪಾಳೆ ತಟ್ಟಿದವನು ಅಮೀರನೊಬ್ಬನೇ. ನಿನ್ನಲ್ಲಿ ಚಾಸಿಗೆ ಕಾಯಿ ಒಡೆಯುವವನೇ ಮಿಸ್ತ್ರಿ ಎಂಬ ರೂಢಿ ಇದೆಯೆಂದು ಅವನು ಹೇಳಿದ ಮೇಲೆ ತಿಳಿಯಿತು.

"ಓಂಪ್ರಕಾಶ ಸೇಟ್ ಬಾಯಿಬಿಟ್ಟು 'ಹೋಗು' ಅನ್ನಲಿಲ್ರಿ, ಭಲೇ ಮನಷ್ಯಾ. ಗಾಡಿನೇ ಬರವಲ್ವು, ಇಬ್ಬರು ಮಿಸ್ತ್ರಿಗೆ ಹ್ಯಾಂಗ ಸಾಕ್ತಾರ?"

ನನಗೆ ರೂಢಿ ತಿಳಿದಿರಲಿಲ್ಲ. ನಿನಗೆ ತಿಳಿದಿತ್ತು. ಇದಕ್ಕಿಂತ ಹೆಚ್ಚು ಬರೆಯಲಾರೆ.

ಇಲ್ಲಿ ಮಾರಾಟವಾಗದ ಚಾಸಿ ಬಾಡಿ ಕಟ್ಟಿಸಲು ಅಲ್ಲಿಗೆ ಹೇಗೆ ಬಂದೀತು? ಊರಿಗೆ ಮರಳಿದರೆ ಈ ಕುಸಿತದಿಂದ ಪಾರಾದೆ ಎಂದುಕೊಂಡಿದ್ದೆ. ಅದು ನನಗಿಂತ ಮೊದಲೇ ಅಲ್ಲಿಗೆ ತಲುಪಿತ್ತು.

"ಇಲ್ಲಿ ವೆಲ್ಡಿಂಗ್ ಕೆಲಸ ಸಿಗ್ತದೇನ್ರಿ?" ಎಂದು ಅಮೀರ ಕೇಳಿದ. ಅವನನ್ನು ಕರೆದುಕೊಂಡು ಕಾರ್ಖಾನೆಗಳ ಗೇಟುಗಳನ್ನು ಸುತ್ತಿದೆ. ಗೇಟಿನವರು ನನ್ನನ್ನೂ ಕೆಲಸ ಕೇಳಲು ಬಂದವನೆಂದೇ ತಿಳಿದು, ಇಬ್ಬರನ್ನೂ ಒಟ್ಟಿಗೆ ವಾಪಸು ಕಳುಹಿಸಿದರು. ನಿನ್ನೆ ಸಂಜೆ ಅವನನ್ನು ಊರಿನ ಬಸ್ಸು ಹತ್ತಿಸಿದೆ. ಮುಂದಿನ ಕಾಯಿಯನ್ನು ಅವನ ಕೈಗೆ ಕೊಡು.

ನಿನ್ನ ಮೇಲೆ ಸಿಟ್ಟಿಲ್ಲ. ಬಸವಣ್ಣ ನಿಮ್ಮೆಲ್ಲರನ್ನೂ ಕಾಯಲಿ, ನಿನ್ನ ಅಂಗಳಕ್ಕೆ ಮತ್ತೆ ಗಾಡಿಗಳು ಬರಲಿ.

ನಿನ್ನ,
ಸಂಜೀವಕುಮಾರ

ತಾ.ಕ.: ಶೀತಲ್‌ಗೆ ಇನ್ನೂ ತಿಳಿಸಿಲ್ಲ. ನಮ್ಮ ಮದುವೆಯಾದಾಗಿನಿಂದ ಆಕೆ ಹುಮನಾಬಾದಿನಲ್ಲಿ, ನಾನು ಇಲ್ಲಿ. ಈ ಸಲ ಹೊರಡುವಾಗ ಆಕೆ ಬಾಗಿಲಿಗೆ ಬರಲಿಲ್ಲ. "ಇದು ಕಡೀ ಸಲ ಹೋಗೋದಲ್ರಿ? ಹಂಗಾದ್ರ ನಾ ಬಾಗಲಾಗ ನಿಂದ್ರಾಂಗಿಲ್ಲ. ಭಾಳ ನಿಂತೀನಿ" ಎಂದು ಒಳಗಿನಿಂದಲೇ ನಕ್ಕಳು. ನಾನು ಹೌದೆಂದಿದ್ದೆ.

ಗುಜರಾತಿಗೆ ಹೋಗಲು ಇಂದು ಒಪ್ಪಿಗೆ ಕೊಟ್ಟೆ.